ಮಿತ್ರನಾರು, ಅರಿಯಾರು: ಸೋಮದೇವಸೂರಿಯ ಉತ್ತರ

ವಿದೇಶನೀತಿಯ ಚರ್ಚೆ ಬಂದಾಗಲೆಲ್ಲ ಕೌಟಿಲ್ಯನ ರಾಜಮಂಡಲವನ್ನು ಮುಂದಿಡುವುದು ವಾಡಿಕೆ. ಅದನ್ನೂ ಗಡಿಗೆ ಹೊಂದಿದವನು ಅರಿ, ಅವನಾಚೆಯವನು ಮಿತ್ರ ಎಂಬಷ್ಟಕ್ಕೆ ಇಳಿಸಲಾಗುತ್ತದೆ. ಹತ್ತನೆಯ ಶತಮಾನದ ಸೋಮದೇವಸೂರಿ ಇದನ್ನು ಒಪ್ಪಲಿಲ್ಲ. ‘ನೀತಿವಾಕ್ಯಾಮೃತ’ದ ಪ್ರಕಾರ ಮೈತ್ರಿ-ವೈರಗಳಿಗೆ ಕಾರಣ ಕಾರ್ಯ, ಅಂದರೆ ಪ್ರಯೋಜನ, ದೂರ-ಸಾಮೀಪ್ಯಗಳಲ್ಲ.

ಈತನು ‘ಯಶಸ್ತಿಲಕ’ವನ್ನು ಕ್ರಿ.ಶ. 959ರಲ್ಲಿ ಮುಗಿಸಿದ್ದು ರಾಷ್ಟ್ರಕೂಟರ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ. ಆ ಸಾಮ್ರಾಜ್ಯದ ನಡೆಯೇ ಅವನ ಮಾತಿಗೆ ಭಾಷ್ಯದಂತಿದೆ. 851ರ ಅರಬ್ಬೀ ವೃತ್ತಾಂತವು ಬಲ್ಹರನನ್ನು, ಎಂದರೆ ರಾಷ್ಟ್ರಕೂಟ ವಲ್ಲಭರಾಜನನ್ನು, ಅರಬ್ಬರ ಸ್ನೇಹಿತನೆಂದೂ ಗೂರ್ಜರ ದೊರೆಯನ್ನು ಅವರ ವೈರಿಯೆಂದೂ ಬಣ್ಣಿಸುತ್ತದೆ. ಮೂರನೆಯ ಇಂದ್ರನ ಕಾಲದ 926ರ ಚಿಂಚಣಿ ತಾಮ್ರಶಾಸನದಲ್ಲಿ ಸಂಜಾನ ಮಂಡಲದ ಅಧಿಪತಿಯಾಗಿ ಕಾಣಿಸುವವನು ಮಧುಮತಿಯೆಂಬ ತಾಜಿಕ, ಅರಬ್ ಮೂಲದವನು. ಮಹಮ್ಮದನು ಸಂಸ್ಕೃತದ ಬಾಯಲ್ಲಿ ಮಧುಮತಿಯಾದದ್ದು ಸ್ವಾರಸ್ಯಕರ!

ಇದೆಲ್ಲವನ್ನೂ ಬರಿಯ ಮತೋದಾರತೆ ಎಂದು ಕೊಂಡಾಡುವುದು ಅರೆಸತ್ಯ. ಪಶ್ಚಿಮ ಕರಾವಳಿಯ ವ್ಯಾಪಾರದ ಲಾಭವೂ ಕನೌಜಿಗಾಗಿ ಪ್ರತಿಹಾರರೊಡನೆ ತಲೆಮಾರುಗಳ ಕಾಲ ನಡೆದ ಕದನವೂ ಈ ಸ್ನೇಹವನ್ನು ಪೋಷಿಸಿದ್ದವು. ಔದಾರ್ಯವಿದ್ದಿರಬಹುದು, ಕಾರ್ಯವಂತೂ ಇತ್ತು. ತಾಮ್ರಪಟವನ್ನು ಚರಿತ್ರೆಯ ವಿಭಾಗಕ್ಕೂ ಚಂಪುವನ್ನು ಸಾಹಿತ್ಯ ವಿಭಾಗಕ್ಕೂ ಹಂಚಿಕೊಟ್ಟು, ನೀತಿಗ್ರಂಥವನ್ನು ಇಬ್ಬರೂ ಕೈಬಿಟ್ಟಿರುವುದರಿಂದಲೇ ಈ ನಂಟು ಇಷ್ಟು ದಿನ ಅಲಕ್ಷಿತವಾಗಿ ಉಳಿದಿದೆ.