ಡಿಫರೆನ್ಷಿಯಲ್ಲಿಗೆ ಎಂತಹ ಬೀಗ?

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಇತಿಹಾಸವನ್ನೋ ಕಾವ್ಯವನ್ನೋ ಬಿಟ್ಟು ಮೋಟಾರು ಗಾಡಿಯ ಹಲ್ಲುಚಕ್ರಗಳ ವಿಷಯವನ್ನು ಬರೆಯಹೊರಟರೆ ಸಹಪಾಠಿಗಳು ನಗಬಹುದು, ಅಧ್ಯಾಪಕರು ಹುಬ್ಬೇರಿಸಬಹುದು. ಆದರೆ ಈ ವಿಷಯವು ನಮ್ಮ ಮನೆಯಲ್ಲಿ ಮೂರು ತಿಂಗಳು ಚರ್ಚೆಗೆ ಬಂದಿತು. ಒಂದು ಸಂಸಾರದ ಕ್ಷೇಮವೇ ಇದರಲ್ಲಿ ಅಡಗಿದೆಯೆಂದು ತೋರಿದ್ದರಿಂದ ಬರೆಯುವ ಧೈರ್ಯಮಾಡಿದ್ದೇನೆ.

ನನ್ನ ಸೋದರಮಾವ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಉದ್ಯೋಗದಲ್ಲಿದ್ದಾರೆ. ಅವರು ಹಳೆಯ ಟೊಯೋಟಾ ಲ್ಯಾಂಡ್ ಕ್ರೂಸರ್ ಟ್ರೂಪ್ ಕ್ಯಾರಿಯರ್ ಒಂದನ್ನು ಕೊಂಡು, ಅದರೊಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಕೂಡಿಸಿದ್ದಾರೆ. ಅತ್ತೆಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಸಿಂಪ್ಸನ್ ಮರುಭೂಮಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಬೇಕೆಂಬುದು ಅವರ ಬಹುದಿನದ ಹಂಬಲ. ಅಲ್ಲಿ ಕಡಲಿನ ಅಲೆಗಳಂತೆ 1,100ಕ್ಕೂ ಹೆಚ್ಚು ಮರಳ ದಿಬ್ಬಗಳು ಸಾಲುಸಾಲಾಗಿವೆ. ಕೊನೆಗೆ ಎದುರಾಗುವ ‘ಬಿಗ್ ರೆಡ್’ ಎಂಬ ದಿಬ್ಬವು ಸುಮಾರು 40 ಮೀಟರ್ ಎತ್ತರ. ಅಲ್ಲಿಂದ ಬರ್ಡ್ಸ್‌ವಿಲ್ ಎಂಬ ಸಣ್ಣ ಊರು ಇನ್ನೂ ಸುಮಾರು 35 ಕಿಲೋಮೀಟರು. ಬೇಸಗೆಯ ತಾಪಕ್ಕೆ ಅಂಜಿ ದಕ್ಷಿಣ ಆಸ್ಟ್ರೇಲಿಯದ ಸರ್ಕಾರವು ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಆ ಪ್ರದೇಶವನ್ನೇ ಮುಚ್ಚಿಬಿಡುತ್ತದೆ. ಅಂತಹ ಕಡೆ ಗಾಡಿ ಕೆಟ್ಟರೆ, ಪಕ್ಕದ ಊರಿನಿಂದ ಮೆಕ್ಯಾನಿಕ್ಕನನ್ನು ಕರೆತರುತ್ತೇವೆನ್ನುವ ಮಾತೇ ಇಲ್ಲ.

“ಭಾವ, ಡಿಫರೆನ್ಷಿಯಲ್ಲಿಗೆ ಯಾವ ಲಾಕರ್ ಹಾಕಿಸಲಿ?” ಎಂದು ಮಾವ ದೂರವಾಣಿಯಲ್ಲಿ ನಮ್ಮ ತಂದೆಯನ್ನು ಕೇಳಿದರು. ತಂದೆಯವರು ಇಂಜಿನಿಯರರಲ್ಲ, ಇಪ್ಪತ್ತು ವರ್ಷ ಟ್ರ್ಯಾಕ್ಟರು ಓಡಿಸಿದ ರೈತರು. ಆದರೂ ಕೇಳಿದ್ದು ತಕ್ಕವರನ್ನೇ ಎಂದು ನನ್ನ ಅಭಿಪ್ರಾಯ.

ಮೊದಲು ಡಿಫರೆನ್ಷಿಯಲ್ ಎಂದರೇನೆಂಬುದನ್ನು ನೋಡೋಣ. ನಮ್ಮ ಎತ್ತಿನ ಗಾಡಿಗೆ ಇದರ ಗೊಡವೆಯಿಲ್ಲ. ಅಚ್ಚು ಸುಮ್ಮನಿರುವುದು, ಎರಡು ಚಕ್ರಗಳೂ ತಮ್ಮಷ್ಟಕ್ಕೆ ತಾವು ತಿರುಗುವುವು; ತಿರುವಿನಲ್ಲಿ ಹೊರಗಿನ ಚಕ್ರವು ಹೆಚ್ಚು ದೂರ ಓಡಿದರೂ ತೊಂದರೆಯಿಲ್ಲ. ಮೋಟಾರಿನಲ್ಲಿಯಾದರೋ ಇಂಜಿನ್ನು ಚಕ್ರಗಳನ್ನು ತಿರುಗಿಸಬೇಕು, ಆದರೂ ಅವು ಬೇರೆ ಬೇರೆ ವೇಗದಲ್ಲಿ ಸುತ್ತಬೇಕು. ಈ ತೊಡಕನ್ನು ಬಿಡಿಸುವ ಹಲ್ಲುಚಕ್ರಗಳ ಜೋಡಣೆಗೆ ಒನೆಸಿಫೋರ್ ಪೆಕರ್ ಎಂಬ ಫ್ರೆಂಚ್ ಗಡಿಯಾರ ತಯಾರಕನು 1828ರಲ್ಲಿ ಹಕ್ಕುಪತ್ರ ಪಡೆದನು.

ಇದು ಎರಡು ಚಕ್ರಗಳಿಗೂ ಸಮನಾದ ಬಲವನ್ನು ಹಂಚುವುದು. ಗುಣವೂ ಅದೇ, ದೋಷವೂ ಅದೇ. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಅಥವಾ ನೆಲಬಿಟ್ಟು ಎದ್ದರೆ ಅದನ್ನು ಸುತ್ತಿಸಲು ಬಲವೇ ಬೇಡ. ಆಗ ಗಟ್ಟಿನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಕ್ಕುವುದು. ಒಂದು ಚಕ್ರ ಬುಗುರಿಯಂತೆ ಸುತ್ತುವುದು, ಇನ್ನೊಂದು ಸುಮ್ಮನೆ ನಿಲ್ಲುವುದು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲವುಳ್ಳ ಗಾಡಿಯಾದರೂ ಮುಂದಿನದೊಂದು, ಹಿಂದಿನದೊಂದು ಚಕ್ರ ಹೀಗೆ ಸಡಿಲಾದರೆ ನಿಂತಲ್ಲೇ ನಿಲ್ಲಬೇಕು. ಎರಡು ಚಕ್ರಗಳನ್ನೂ ಒಂದೇ ಅಚ್ಚಿನಂತೆ ಬಿಗಿದುಬಿಡುವ ಬೀಗವೇ ಲಾಕರ್.

ಹಳ್ಳಿಯಿಂದ ಬಂದ ಮಿತ್ರರಿಗೆ ಇದು ಹೊಸದಲ್ಲ. ಟ್ರ್ಯಾಕ್ಟರಿನಲ್ಲಿ ಚಾಲಕನ ಕಾಲಬಳಿ ಇದಕ್ಕೆಂದೇ ಒಂದು ಸಣ್ಣ ಪೆಡಲು ಇರುವುದು. ಒಮ್ಮೆ ನಮ್ಮ ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರು ಹೂತಾಗ ತಂದೆಯವರು ಅದನ್ನು ಒತ್ತಿ, ಮೆಲ್ಲನೆ ನೇರವಾಗಿ ಹೊರತಂದುದನ್ನು ನಾನೇ ಕಂಡಿದ್ದೇನೆ. ಮರುವರ್ಷ ನಾನೇ ಓಡಿಸುವಾಗ ಆ ಪೆಡಲಿನಿಂದ ಕಾಲು ತೆಗೆಯುವುದನ್ನು ಮರೆತು ತಿರುಗಿಸಹೋದೆ. ಟ್ರ್ಯಾಕ್ಟರು ತಿರುಗದೆ ನೆಟ್ಟಗೆ ಹೋಗಿ ಬದುವನ್ನು ಹತ್ತಿತು. ಮಗುಚಲಿಲ್ಲವೆಂಬುದು ನನ್ನ ಪುಣ್ಯ. ಬೀಗವು ಉಪಕಾರಿ, ಆದರೆ ಬಿಡಬೇಕಾದಾಗ ಬಿಡದಿದ್ದರೆ ಅಪಾಯಕಾರಿ ಎಂಬ ಪಾಠ ಅಂದೇ ಆಯಿತು.

ಪೇಟೆಯಲ್ಲಿ ದೊರೆಯುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು ಜಾರುವಿಕೆಯನ್ನು ಮಿತಗೊಳಿಸುವಂಥದು, ಎಂದರೆ ಲಿಮಿಟೆಡ್ ಸ್ಲಿಪ್. ಇದು ಸೌಮ್ಯ, ರಸ್ತೆಯಲ್ಲಿ ಇರುವುದೇ ತಿಳಿಯದು. ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ತೂಗಿದಾಗ ಹೆಚ್ಚಿನ ಪ್ರಯೋಜನವಿಲ್ಲ. ಎರಡನೆಯದು ಡೆಟ್ರಾಯಿಟ್ ಲಾಕರಿನಂಥ ಸ್ವಯಂಚಾಲಿತ ಬೀಗ. ಬಲ ಬಿದ್ದಾಗ ತಾನೇ ಬಿಗಿದಿರುವುದು, ತಿರುವಿನಲ್ಲಿ ಹೊರಚಕ್ರವನ್ನು ತಾನೇ ಬಿಡುವುದು. ಮೂರನೆಯದು ಚಾಲಕನು ಗುಂಡಿ ಒತ್ತಿದಾಗ ಮಾತ್ರ ಬೀಳುವ ಬೀಗ. ಕೆಲವು ಗಾಳಿಯ ಒತ್ತಡದಿಂದಲೂ ಕೆಲವು ವಿದ್ಯುತ್ತಿನಿಂದಲೂ ಕೆಲಸಮಾಡುವುವು.

ಮಾವನ ಸ್ನೇಹಿತರು ಸ್ವಯಂಚಾಲಿತ ಬೀಗದ ಪಕ್ಷ. ‘ಅದಕ್ಕೆ ತಂತಿಯಿಲ್ಲ, ಕೊಳವೆಯಿಲ್ಲ, ಕೆಡುವುದಕ್ಕೆ ಏನೂ ಇಲ್ಲ’ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಗಾಳಿಯ ಲಾಕರಿನ ಕೊಳವೆ ಕಲ್ಲಿಗೆ ತಾಗಿ ಹರಿಯಬಹುದು, ಅದರ ರಬ್ಬರು ಉಂಗುರ ಸೋರಬಹುದು. ವಿದ್ಯುತ್ ಲಾಕರಿನ ತಂತಿ ಕಡಿಯಬಹುದು. ಆದರೆ ಈ ಗಾಡಿಯ ಬಾಳು ಬರಿಯ ಮರಳಿನಲ್ಲಿ ಕಳೆಯುವುದಿಲ್ಲವಷ್ಟೆ? ಮರುಭೂಮಿಯನ್ನು ಮುಟ್ಟುವ ಮೊದಲೇ ನೂರಾರು ಮೈಲಿ ಡಾಂಬರು ರಸ್ತೆಯಲ್ಲಿ ಓಡಬೇಕು. ತುಂಬಿದಾಗ ಮೂರು ಟನ್ನಿಗೂ ಮಿಗಿಲಾಗಿ ತೂಗುವ, ಎತ್ತರವಾದ ಗಾಡಿಯಲ್ಲಿ, ಮಳೆಬಿದ್ದ ತಿರುವಿನಲ್ಲಿ ಹಿಂದಿನ ಅಚ್ಚು ತನ್ನಿಷ್ಟಬಂದಂತೆ ಬಿಗಿದು ಬಿಡುತ್ತಿದ್ದರೆ ಗಾಡಿ ಎಳೆದಾಡುವುದು, ಟೈರು ಸವೆಯುವುದು. ಹಿಂದಿನ ಆಸನದಲ್ಲಿ ಮಕ್ಕಳನ್ನು ಕೂಡಿಸಿಕೊಂಡವನು ಈ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಬಾರದು. ಕೊಳವೆ ಹರಿದರೆ ಗಾಡಿ ಸಾಧಾರಣ ಗಾಡಿಯಾಗಿ ಉಳಿಯುವುದು. ಬಿಡಿ ಕೊಳವೆಯೊಂದನ್ನು ಜೊತೆಗೆ ಒಯ್ದರಾಯಿತು. ಗಾಳಿಯ ಲಾಕರಿಗೆ ಹಾಕಿಸುವ ಪಂಪು, ತಕ್ಕಷ್ಟು ದೊಡ್ಡದಾದರೆ, ಟೈರಿಗೂ ಗಾಳಿ ತುಂಬುವುದು. ಇದು ಕಡಮೆ ಲಾಭವಲ್ಲ.

ಮುಂದಕ್ಕೋ ಹಿಂದಕ್ಕೋ ಎಂಬುದು ಇನ್ನೊಂದು ಪ್ರಶ್ನೆ. ದಿಬ್ಬ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ವಾಲುವುದರಿಂದ ಮೊದಲ ಬೀಗ ಹಿಂದಿನ ಅಚ್ಚಿಗೇ ಸಲ್ಲಬೇಕು. ಮುಂದಿನದನ್ನು ಬಿಗಿದರೆ ಸ್ಟೀರಿಂಗು ಕಲ್ಲಿನಂತಾಗುವುದು. ಚಕ್ರ ಹೊರಳಿಸಿ ಬಲಕೊಟ್ಟರೆ ಅಲ್ಲಿಯ ಕೀಲು ಮುರಿಯುವ ಭಯವೂ ಉಂಟು. ಹಿಂದೆಯಾದರೂ ಎಚ್ಚರ ಬೇಕು. ಎರಡು ದಂಡಗಳು ಹೊರುತ್ತಿದ್ದ ಬಲವನ್ನು ಬೀಗ ಬಿದ್ದಾಗ ಒಂದೇ ದಂಡ ಹೊರಬೇಕಾಗಬಹುದು; ಗಾಡಿ ಭಾರವಾದಷ್ಟೂ ಈ ಹೊರೆ ಹೆಚ್ಚು. ಆದ್ದರಿಂದ ಲಾಕರ್ ಕೊಳ್ಳುವ ಮುನ್ನ ಅಚ್ಚಿನ ದಂಡಗಳ ಸ್ಥಿತಿಯನ್ನು ಪರೀಕ್ಷಿಸಬೇಕು. ಪಕ್ಕಕ್ಕೆ ವಾಲಿದ ಇಳಿಜಾರಿನಲ್ಲಿ ಬೀಗ ಹಾಕಿದರೆ ಎರಡು ಚಕ್ರಗಳೂ ಒಟ್ಟಿಗೆ ಜಾರಿ ಗಾಡಿಯನ್ನು ಕೆಳಕ್ಕೆ ಸರಿಸಬಹುದೆಂಬುದನ್ನೂ ಮರೆಯಬಾರದು.

‘ಟೈರಿನ ಗಾಳಿ ಇಳಿಸಿದರೆ ಸಾಕು, ಲಾಕರೇ ಬೇಡ’ ಎನ್ನುವವರೂ ಇದ್ದಾರೆ. ಅರ್ಧ ಸತ್ಯ. ಮರಳಿನಲ್ಲಿ ಮೊದಲ ಮದ್ದು ಅದೇ. ಗಾಳಿಯನ್ನು 16–18 ಪೌಂಡಿಗೆ ಇಳಿಸಿದರೆ ಟೈರು ಅಗಲವಾಗಿ ಹಾಸಿ ತೇಲುವುದು. ಆದರೆ ಬಿಗಿಯಾದ ಟೈರಿನಲ್ಲಿ ರಭಸದಿಂದ ಹತ್ತಿದವರ ಚಕ್ರಗಳು ಕುಪ್ಪಳಿಸಿ ದಿಬ್ಬದ ದಾರಿಯಲ್ಲಿ ಗುಂಡಿ ತೋಡಿರುತ್ತವೆ. ಆ ಗುಂಡಿಗಳಲ್ಲಿ ಅಚ್ಚು ಓರೆಯಾಗಿ ಒಂದು ಚಕ್ರ ಮೇಲೇಳುವುದು. ಬೀಗವಿದ್ದವನು ಅಲ್ಲಿ ರಭಸವಿಲ್ಲದೆ, ಹೊಸ ಗುಂಡಿ ತೋಡದೆ, ಮೆಲ್ಲನೆ ಹತ್ತಬಲ್ಲನು. ಹೀಗೆ ಹಿಂದೆ ಬರುವವರಿಗೂ ಅದು ಉಪಕಾರವೇ.

ತಂದೆಯವರು ಕೊಟ್ಟ ಉತ್ತರ ಚಿಕ್ಕದು: “ಹಿಂದಕ್ಕೊಂದು ಹಾಕಿಸಪ್ಪ, ಗುಂಡಿ ನಿನ್ನ ಕೈಲಿರೋದೇ ಹಾಕಿಸು. ಆದರೆ ಅದು ಹೊರಗೆ ಬರೋಕೆ, ಒಳಗೆ ಹೋಗೋಕಲ್ಲ.” ಬೀಗ ಹಾಕಿಕೊಂಡೇ ನುಗ್ಗಿ, ಅದೂ ಸೋತಲ್ಲಿ ಹೂತವನಿಗೆ ಬಿಡಿಸಿಕೊಳ್ಳಲು ಬೇರೆ ಏನೂ ಉಳಿದಿರುವುದಿಲ್ಲವೆಂಬುದು ಅವರ ಮಾತಿನ ಅರ್ಥ.

ಮಾವ ಹಿಂದಿನ ಅಚ್ಚಿಗೆ ಗಾಳಿಯ ಲಾಕರನ್ನು ಹಾಕಿಸಿದ್ದಾರೆ. ಮುಂದಿನದಕ್ಕೆಂದು ಇಟ್ಟಿದ್ದ ಹಣದಲ್ಲಿ ಒಳ್ಳೆಯ ಟೈರು, ಸಲಿಕೆ, ಮರಳಿಗೆ ಹಾಸುವ ಹಲಗೆ ಮತ್ತು ಹೆಚ್ಚು ನೀರಿಗಾಗಿ ತೊಟ್ಟಿ ಕೊಂಡಿದ್ದಾರೆ. ಅಲ್ಲಿಯ ಚಳಿಗಾಲವಾದ ಜುಲೈನಲ್ಲಿ ಪ್ರಯಾಣ. ಅಮ್ಮ ಈಗಲೇ ದೇವರಿಗೆ ಹರಕೆ ಹೊತ್ತಿದ್ದಾಳೆ. ನಾನು ಮಾತ್ರ ಮಾವನಿಗೆ, ತಿರುಗಿಸುವ ಮುನ್ನ ಗುಂಡಿಯನ್ನು ಆರಿಸಲು ಮರೆಯಬೇಡಿರೆಂದು ಬರೆದಿದ್ದೇನೆ. ಬದುವನ್ನು ಹತ್ತಿದವನ ಮಾತಾದ್ದರಿಂದ ಕೇಳಿಯಾರೆಂದು ನಂಬಿದ್ದೇನೆ.