ಹೊಟ್ಟೆಹುಳುವಿಗೊಂದು ದಿನ, ತಲೆಹೇನಿಗೇಕಿಲ್ಲ?

ಬೇಸಿಗೆ ರಜೆ ಮುಗಿದು ಶಾಲೆಗಳು ಪುನರಾರಂಭಗೊಂಡ ಕೆಲವೇ ವಾರಗಳಲ್ಲಿ ರಾಜ್ಯದ ಅಸಂಖ್ಯ ಮನೆಗಳಲ್ಲಿ ಸದ್ದಿಲ್ಲದ ಸಮರವೊಂದು ಆರಂಭವಾಗುತ್ತದೆ. ಭಾನುವಾರ ಬೆಳಗ್ಗೆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ತಾಯಂದಿರು ಹೇನು ಹೆಕ್ಕುತ್ತಾರೆ, ಸೀರು ತೆಗೆಯುತ್ತಾರೆ, ಔಷಧಿ ಅಂಗಡಿಯಿಂದ ತಂದ ಲೋಷನ್ ಹಚ್ಚುತ್ತಾರೆ. ಸೋಮವಾರ ಮಗು ಮತ್ತೆ ಅದೇ ಬೆಂಚಿನಲ್ಲಿ, ಅದೇ ಗೆಳತಿಯ ತಲೆಗೆ ತಲೆ ತಾಗಿಸಿ ಕೂರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಪರಿಸ್ಥಿತಿ ಮೊದಲಿನಂತೆಯೇ.

ಈ ಸೋಲಿನ ಹೊಣೆಯನ್ನು ನಾವು ಸಾಮಾನ್ಯವಾಗಿ ತಾಯಿಯ ಮೇಲೆ ಹೊರಿಸುತ್ತೇವೆ. ಆಕೆ ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ಮನೆ ಶುಚಿಯಾಗಿಲ್ಲ ಎಂಬುದು ಸಿದ್ಧ ಉತ್ತರ. ಆದರೆ ಹೇನಿನ ಜೀವನಚಕ್ರವನ್ನೂ ಅದು ಹರಡುವ ಬಗೆಯನ್ನೂ ಗಮನಿಸಿದರೆ ಲೋಪ ಬೇರೆಡೆ ಇರುವುದು ಸ್ಪಷ್ಟವಾಗುತ್ತದೆ. ಒಂದು ತರಗತಿಯ ಸಮಸ್ಯೆಗೆ ನಾವು ಒಂದೊಂದೇ ಮನೆಯಲ್ಲಿ, ಬೇರೆ ಬೇರೆ ದಿನಗಳಲ್ಲಿ ಪರಿಹಾರ ಹುಡುಕುತ್ತಿದ್ದೇವೆ.

ಕೊಳಕಿನ ಕೀಟವಲ್ಲ

ತಲೆಹೇನು ಎರಡರಿಂದ ಮೂರು ಮಿಲಿಮೀಟರ್ ಉದ್ದದ, ರೆಕ್ಕೆಯಿಲ್ಲದ ಕೀಟ. ಅದು ಹಾರಲಾರದು, ನೆಗೆಯಲೂ ಆರದು. ಒಂದು ತಲೆ ಇನ್ನೊಂದಕ್ಕೆ ತಾಗಿದಾಗ ಕೂದಲಿನಿಂದ ಕೂದಲಿಗೆ ತೆವಳಿ ಹೋಗುವುದೇ ಅದರ ಮುಖ್ಯ ದಾರಿ. ಬಾಚಣಿಗೆ, ಟೋಪಿ, ದಿಂಬುಗಳ ಮೂಲಕ ಹರಡುವುದು ಕಡಿಮೆ. ಏಕೆಂದರೆ ತಲೆಯಿಂದ ಕೆಳಗೆ ಬಿದ್ದ ಹೇನು ರಕ್ತ ಸಿಗದೆ ಒಂದೆರಡು ದಿನಗಳಲ್ಲಿ ಸಾಯುತ್ತದೆ. ದಿನವೂ ಸ್ನಾನ ಮಾಡುವ ಮಗುವಿನ ತಲೆಯೂ ಅದಕ್ಕೆ ಅಷ್ಟೇ ಹಿತ. ಸಾಧಾರಣ ಶಾಂಪೂವಿನಿಂದ ಹೇನು ಸಾಯುವುದಿಲ್ಲ. ಆದ್ದರಿಂದ ಹೇನಿಗೂ ಕೊಳಕಿಗೂ ನೇರ ನಂಟು ಕಲ್ಪಿಸುವುದು ತಪ್ಪು.

ಟೈಫಸ್‌ನಂತಹ ಮಾರಕ ರೋಗಗಳನ್ನು ಹರಡುವುದು ಬಟ್ಟೆಯ ಹೊಲಿಗೆಗಳಲ್ಲಿ ಅಡಗುವ ಮೈಹೇನು. ತಲೆಹೇನಿಗೆ ಆ ಅಪಖ್ಯಾತಿ ಇಲ್ಲ. ಅದು ಕಚ್ಚಿದಾಗ ಸೇರುವ ಜೊಲ್ಲಿಗೆ ದೇಹ ತೋರುವ ಅಲರ್ಜಿಯೇ ತುರಿಕೆ. ಕೆರೆದು ಗಾಯವಾದರೆ ಸೋಂಕು ತಗುಲಿ ಕೀವು ತುಂಬಬಹುದು, ನಿದ್ದೆ ಕೆಡಬಹುದು. ಮೊದಲ ಬಾರಿ ಹೇನು ಸೇರಿದ ಮಗುವಿನಲ್ಲಿ ತುರಿಕೆ ಆರಂಭವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು ಎಂಬುದು ಇಲ್ಲಿ ಗಮನಾರ್ಹ. ಅಂದರೆ ಮಗು ತಲೆ ಕೆರೆದುಕೊಳ್ಳುವುದನ್ನು ತಾಯಿ ಗಮನಿಸುವ ಹೊತ್ತಿಗೆ ಅದು ಪಕ್ಕದ ಮಕ್ಕಳಿಗೆ ತಲುಪಿ ತಿಂಗಳೇ ಆಗಿರಬಹುದು.

ಎರಡನೇ ಸುತ್ತು ತಪ್ಪಿದರೆ

ಹೆಣ್ಣು ಹೇನು ದಿನಕ್ಕೆ ಎಂಟರವರೆಗೆ ಮೊಟ್ಟೆ ಇಡಬಲ್ಲದು. ನಾವು ಸೀರು ಎನ್ನುವ ಈ ಮೊಟ್ಟೆಗಳು ಕೂದಲ ಬುಡಕ್ಕೆ ಗೋಂದಿನಂತೆ ಅಂಟಿಕೊಂಡಿದ್ದು, ಸುಮಾರು ಏಳರಿಂದ ಹತ್ತು ದಿನಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿ ಮತ್ತೆ ಒಂಬತ್ತರಿಂದ ಹನ್ನೆರಡು ದಿನಗಳಲ್ಲಿ ಬೆಳೆದು ತಾನೇ ಮೊಟ್ಟೆ ಇಡಲು ಸಜ್ಜಾಗುತ್ತದೆ. ಚಿಕಿತ್ಸೆಯ ಗುಟ್ಟೆಲ್ಲ ಈ ಲೆಕ್ಕದಲ್ಲಿದೆ.

ವ್ಯಾಪಕವಾಗಿ ಬಳಕೆಯಲ್ಲಿರುವ ಶೇ 1ರ ಪರ್ಮೆಥ್ರಿನ್ ಲೋಷನ್ ಜೀವಂತ ಹೇನನ್ನು ಕೊಲ್ಲುತ್ತದೆಯೇ ಹೊರತು ಎಲ್ಲ ಸೀರನ್ನೂ ನಾಶ ಮಾಡುವುದಿಲ್ಲ. ಶಾಂಪೂವಿನಿಂದ ತೊಳೆದು ಒರೆಸಿದ ಕೂದಲಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಉಳಿದ ಸೀರುಗಳಿಂದ ಮರಿಗಳು ಹೊರಬರುವ ಹೊತ್ತಿಗೆ, ಅಂದರೆ ಒಂಬತ್ತನೇ ದಿನದ ಸುಮಾರಿಗೆ, ಎರಡನೇ ಬಾರಿ ಬಳಸಬೇಕು. ಒಂದೇ ಸಲ ಹಚ್ಚಿ ಗೆದ್ದೆವೆಂದು ಬಾಟಲಿಯನ್ನು ಅಟ್ಟಕ್ಕೆ ಸೇರಿಸುವ ಮನೆಗಳಲ್ಲಿ ಹೇನು ಮರಳುವುದು ಸಹಜ. ಎರಡು ತಿಂಗಳೊಳಗಿನ ಶಿಶುಗಳಿಗೆ ಈ ಲೋಷನ್ ಸಲ್ಲದು.

ಔಷಧವೊಂದನ್ನೇ ನಂಬುವ ಕಾಲವೂ ಮುಗಿಯುತ್ತಿದೆ. ಪರ್ಮೆಥ್ರಿನ್‌ಗೆ ಬಗ್ಗದ ಹೇನುಗಳು ಅಮೆರಿಕ, ಯೂರೋಪ್‌ಗಳಲ್ಲಿ ವ್ಯಾಪಕವಾಗಿ ಕಂಡುಬಂದಿವೆ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಂಡಿಷನರ್ ಹಚ್ಚಿದ ಒದ್ದೆ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿದ ಮಕ್ಕಳಲ್ಲಿ ಶೇ 57ರಷ್ಟು ಮಂದಿ ಹೇನುಮುಕ್ತರಾದರೆ, ಅಂಗಡಿಯ ಕೀಟನಾಶಕ ಬಳಸಿದವರಲ್ಲಿ ಆ ಪ್ರಮಾಣ ಕೇವಲ ಶೇ 13. ಔಷಧಕ್ಕೆ ಹೇನು ಒಗ್ಗಿಕೊಂಡಿದ್ದ ನಾಡಿನ ಅಂಕಿ ಇದು. ನಮ್ಮಲ್ಲಿಗೆ ಯಥಾವತ್ ಅನ್ವಯಿಸಬೇಕಿಲ್ಲ. ಆದರೂ ನಮ್ಮ ಅಜ್ಜಿಯರ ಬಾಚಣಿಗೆ ಹಳತಾಗಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಬಾಚುವುದಕ್ಕೂ ಶಿಸ್ತು ಬೇಕು: ಎರಡು ವಾರಗಳಲ್ಲಿ, ಮೂರ್ನಾಲ್ಕು ದಿನಗಳಿಗೊಮ್ಮೆ, ಬುಡದಿಂದ ತುದಿಯವರೆಗೆ.

ಲೋಷನ್‌ಗೆ ಜಗ್ಗದ ಪ್ರಕರಣಗಳಲ್ಲಿ ಐವರ್‌ಮೆಕ್ಟಿನ್ ಮಾತ್ರೆಯೂ ಉಂಟು. 2010ರ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅಧ್ಯಯನದಲ್ಲಿ ಅದನ್ನು ಪಡೆದವರಲ್ಲಿ ಶೇ 95ರಷ್ಟು ಮಂದಿ ಹದಿನೈದನೇ ದಿನಕ್ಕೆ ಹೇನುಮುಕ್ತರಾಗಿದ್ದರು. ಆದರೆ ಇದು ವೈದ್ಯರ ಸಲಹೆಯ ಮೇರೆಗೆ ಮಾತ್ರ ಕೊಡಬೇಕಾದ ಔಷಧ. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಕೊಡುವಂತಿಲ್ಲ.

ಅಪಾಯದ ಅಡ್ಡದಾರಿ

ಪದೇ ಪದೇ ಸೋತ ಪೋಷಕರು ಅಡ್ಡದಾರಿ ಹಿಡಿಯುತ್ತಾರೆ. ಸೀಮೆಎಣ್ಣೆ ಸುರಿಯುವುದು ಹಳೆಯ ಚಾಳಿ. ಚರ್ಮ ಸುಡುವುದರ ಜತೆಗೆ ಒಲೆಯ ಬಳಿ ಬೆಂಕಿಯ ಅಪಾಯವೂ ಇದೆ. ಸೀತಾಫಲದ ಬೀಜದ ಪುಡಿ ಹಚ್ಚುವ ಪದ್ಧತಿ ದಕ್ಷಿಣ ಭಾರತದಲ್ಲಿ ಇಂದಿಗೂ ಇದೆ. ಆ ಪುಡಿ ನೀರಿನೊಂದಿಗೆ ಕಣ್ಣಿಗಿಳಿದರೆ ಕಾರ್ನಿಯಾಕ್ಕೆ ಗಾಯವಾಗುತ್ತದೆ. ಇಂತಹ ಪ್ರಕರಣಗಳನ್ನು ನೇತ್ರತಜ್ಞರು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಿಸಿದ್ದಾರೆ. ಹೊಲಕ್ಕೆ ತಂದ ಕೀಟನಾಶಕವನ್ನು ತಲೆಗೆ ಹಚ್ಚುವುದಂತೂ ಜೀವಕ್ಕೇ ಎರವಾಗಬಹುದು.

ಔಷಧವೆಂದೇ ಮಾರಾಟವಾದದ್ದೆಲ್ಲ ನಿರಪಾಯಕಾರಿ ಎಂದೂ ಭಾವಿಸುವಂತಿಲ್ಲ. ಒಂದು ಕಾಲದಲ್ಲಿ ಧಾರಾಳವಾಗಿ ಬಳಕೆಯಲ್ಲಿದ್ದ ಲಿಂಡೇನ್, ಅಂದರೆ ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್, ನರಮಂಡಲಕ್ಕೆ ಹಾನಿ ಮಾಡಿ ಸೆಳೆತ ತರಬಲ್ಲದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲಿ ಕಟ್ಟೆಚ್ಚರಿಕೆ ನೀಡಿತು. ಭಾರತ 2011ರಲ್ಲಿ ಕೃಷಿ ಲಿಂಡೇನ್ ತಯಾರಿಕೆಯನ್ನೂ 2013ರಲ್ಲಿ ಅದರ ಬಳಕೆಯನ್ನೂ ನಿಷೇಧಿಸಿತು. ಬೆಳೆಗೇ ಬೇಡವೆಂದ ವಿಷ ಮಗುವಿನ ತಲೆಗೆ ಬೇಕೇ ಎಂಬುದನ್ನು ಪೋಷಕರು ಲೇಬಲ್ ಓದಿ ನಿರ್ಧರಿಸಬೇಕು.

ಕಳಂಕದ ಬೆಲೆ

ಹೇನಿಗಿಂತ ಹೆಚ್ಚು ನೋವು ಕೊಡುವುದು ಅದರ ಸುತ್ತ ಹೆಣೆದ ಅವಮಾನ. ತರಗತಿಯಲ್ಲಿ ಎಲ್ಲರೆದುರು ತಲೆ ಪರೀಕ್ಷಿಸುವುದು, ಹೇನಿರುವ ಮಗುವನ್ನು ಹಿಂದಿನ ಬೆಂಚಿಗೆ ಕಳಿಸುವುದು, ಹೇನು ಹೋದ ಮೇಲೆ ಬಾ ಎಂದು ಮನೆಗೆ ಅಟ್ಟುವುದು ನಮ್ಮ ಶಾಲೆಗಳಿಗೆ ಹೊಸತಲ್ಲ. ಉದ್ದ ಕೂದಲಿನ ಹೆಣ್ಣುಮಕ್ಕಳೇ ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. ಸಾಲು ಹಾಸಿಗೆಯಲ್ಲಿ ಒತ್ತೊತ್ತಾಗಿ ಮಲಗುವ ಹಾಸ್ಟೆಲ್‌ಗಳಲ್ಲಿ ಒಬ್ಬಳಿಗೆ ಬಂದದ್ದು ಎಲ್ಲರಿಗೂ ಬರುತ್ತದೆ. ಸರ್ಕಾರಿ ಹಾಸ್ಟೆಲ್‌ಗಳಲ್ಲಿ ಇರುವವರು ಬಹುಪಾಲು ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಮಕ್ಕಳು. ಮೊದಲೇ ಕೀಳರಿಮೆಯ ಭಾರ ಹೊತ್ತ ಅವರ ಮೇಲೆ ‘ಕೊಳಕರು’ ಎಂಬ ಹಣೆಪಟ್ಟಿಯೂ ಬೀಳುತ್ತದೆ.

ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರ ತನ್ನ ವರದಿಯಲ್ಲಿಯೂ, ಹೇನಿನ ಕಾರಣಕ್ಕೆ ಆರೋಗ್ಯವಂತ ಮಗುವನ್ನು ಶಾಲೆಯಿಂದ ಹೊರಗಿಡಬಾರದು, ‘ಸೀರು ಕಂಡರೆ ಪ್ರವೇಶವಿಲ್ಲ’ ಎಂಬ ನಿಯಮವನ್ನು ಕೈಬಿಡಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಇದರ ಹಿಂದಿನ ತರ್ಕ ಸರಳ. ಹೇನು ಪತ್ತೆಯಾದ ದಿನಕ್ಕೆ ಅದು ಆ ತಲೆಯಲ್ಲಿ ವಾರಗಳಿಂದ ಇದ್ದಿರುತ್ತದೆ. ಅಂದು ಮಧ್ಯಾಹ್ನ ಮಗುವನ್ನು ಮನೆಗೆ ಕಳಿಸುವುದರಿಂದ ತಪ್ಪುವುದು ಪಾಠವೇ ಹೊರತು ಹೇನಲ್ಲ.

ಪಟ್ಟಿಯಲ್ಲಿಲ್ಲದ ಹೇನು

ಸರ್ಕಾರದ ಬಳಿ ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ಆರಂಭದಲ್ಲಿ ನಿಗದಿಪಡಿಸಿದ 30 ಆರೋಗ್ಯ ಸಮಸ್ಯೆಗಳ ಪಟ್ಟಿಯಲ್ಲಿ ಕಜ್ಜಿ, ಶಿಲೀಂಧ್ರ ಸೋಂಕು, ಇಸುಬುಗಳಿಗೆ ಸ್ಥಾನ ದೊರೆಯಿತು. ತಲೆಹೇನಿನ ಹೆಸರು ಅಲ್ಲಿರಲಿಲ್ಲ.

ಇದಕ್ಕೆ ಹೋಲಿಸಿ ನೋಡಬೇಕಾದದ್ದು 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಒಂದರಿಂದ 19 ವರ್ಷದೊಳಗಿನ ಮಕ್ಕಳಿಗೆಲ್ಲ ಶಾಲೆ, ಅಂಗನವಾಡಿಗಳಲ್ಲಿ ಒಂದೇ ದಿನ ಅಲ್ಬೆಂಡಜೋಲ್ ಮಾತ್ರೆ ನೀಡಿ, ತಪ್ಪಿಸಿಕೊಂಡವರಿಗೆ ಕೆಲ ದಿನಗಳ ನಂತರ ಮತ್ತೊಂದು ಸುತ್ತು ನಡೆಸಲಾಗುತ್ತದೆ. ಯಾವ ಮಗುವಿನ ಹೊಟ್ಟೆಯಲ್ಲಿ ಹುಳುವಿದೆ ಎಂದು ಯಾರೂ ಬೆರಳು ತೋರುವುದಿಲ್ಲ. ಎಲ್ಲರಿಗೂ, ಏಕಕಾಲಕ್ಕೆ, ಅವಮಾನವಿಲ್ಲದೆ ಎಂಬ ಈ ಸೂತ್ರವೇ ಹೇನಿಗೂ ಬೇಕಾದದ್ದು.

ಹಾಗೆಂದು ಎಲ್ಲ ಮಕ್ಕಳ ತಲೆಗೂ ಲೋಷನ್ ಸುರಿಯಬೇಕೆಂದಲ್ಲ. ಹೇನಿಲ್ಲದ ತಲೆಗೆ ಔಷಧ ಹಚ್ಚುವುದು ವ್ಯರ್ಥ, ಅನಗತ್ಯ ಬಳಕೆ ಹೇನುಗಳ ಪ್ರತಿರೋಧಕ್ಕೂ ದಾರಿ. ಬೇಕಿರುವುದು ಏಕಕಾಲದ ಬಾಚುವಿಕೆ. ಬ್ರಿಟನ್‌ನಲ್ಲಿ ಕಮ್ಯುನಿಟಿ ಹೈಜೀನ್ ಕನ್ಸರ್ನ್ ಎಂಬ ಸೇವಾಸಂಸ್ಥೆ ಇದೇ ತತ್ವದ ಮೇಲೆ ‘ಬಗ್ ಬಸ್ಟಿಂಗ್’ ದಿನಗಳನ್ನು ರೂಪಿಸಿತು: ಶಾಲೆಯ ಎಲ್ಲ ಕುಟುಂಬಗಳೂ ಗೊತ್ತುಪಡಿಸಿದ ಒಂದೇ ದಿನ ತಂತಮ್ಮ ಮನೆಗಳಲ್ಲಿ ಮಕ್ಕಳ ತಲೆ ಬಾಚಿ ಪರೀಕ್ಷಿಸುವುದು.

ಮಾರಕವಲ್ಲದ ಕೀಟಕ್ಕೆ ಸಾರ್ವಜನಿಕ ಹಣವೇಕೆ ಎಂಬ ಆಕ್ಷೇಪ ಸಹಜ. ರಕ್ತಹೀನತೆ, ಅಪೌಷ್ಟಿಕತೆಯಂತಹ ಸವಾಲುಗಳ ಮುಂದೆ ಹೇನು ಸಣ್ಣದು ನಿಜ. ಆದರೆ ಇದಕ್ಕೆ ಹೊಸ ಇಲಾಖೆಯೂ ಬೇಡ, ದೊಡ್ಡ ಅನುದಾನವೂ ಬೇಡ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಒಂದು ಭಾನುವಾರವನ್ನು ನಿಗದಿಪಡಿಸಿ, ಒಂಬತ್ತು ದಿನಗಳ ನಂತರದ ಎರಡನೇ ಸುತ್ತನ್ನೂ ಅಂದೇ ಘೋಷಿಸಬಹುದು. ಹಾಸ್ಟೆಲ್ ಮಕ್ಕಳ ಶುಚಿ ಸಾಮಗ್ರಿಯ ಜತೆ ಸಣ್ಣ ಹಲ್ಲಿನ ಬಾಚಣಿಗೆಯೊಂದನ್ನು ಸೇರಿಸಬಹುದು. ಹೇನು ಕಂಡುಬಂದವರಿಗೆ ಆಶಾ ಕಾರ್ಯಕರ್ತೆಯರ ಮೂಲಕ ಲೋಷನ್ ತಲುಪಿಸಬಹುದು. ಒಂದೇ ಮನೆಯ ಎಲ್ಲರ ತಲೆಯನ್ನೂ ಅದೇ ದಿನ ನೋಡಬೇಕೆಂಬ ತಿಳಿವಳಿಕೆಗೆ ಒಂದು ಕರಪತ್ರ ಸಾಕು.

ನಗರದ ಖಾಸಗಿ ಶಾಲೆಗಳೂ ಈ ವಿಷಯದಲ್ಲಿ ಹೊರತಲ್ಲ. ಶುಲ್ಕ ಎಷ್ಟೇ ದುಬಾರಿಯಾದರೂ ಮಕ್ಕಳು ತಲೆ ಜೋಡಿಸಿ ಆಡುವುದನ್ನು ಯಾವ ಶಾಲೆಯೂ ತಡೆಯಲಾರದು, ತಡೆಯಲೂ ಬಾರದು. ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಚರ್ಚೆಗೆ ಮೀಸಲಾದ ಸಮಯದಲ್ಲಿ ಹತ್ತು ನಿಮಿಷವನ್ನು ಈ ಸಂಕೋಚದ ವಿಷಯಕ್ಕೂ ಕೊಡಲಿ. ಎಲ್ಲ ಮನೆಗಳಲ್ಲೂ ಒಂದೇ ದಿನ ಬಾಚಣಿಗೆ ಹೊರಬಂದರೆ, ಯಾವ ತಾಯಿಯೂ ಒಂಟಿಯಾಗಿ ಸೋಲಬೇಕಾಗಿಲ್ಲ.