ಕೂರುವವರಿಗಾಗಿ ಕುರ್ಚಿ

ಮನೆಗೆ ಬಂದ ಅತಿಥಿಗೆ ಕುರ್ಚಿ ಸರಿಸಿ “ಕುಳಿತುಕೊಳ್ಳಿ” ಎಂದು ಉಪಚರಿಸುವುದು ವಾಡಿಕೆ. ಐದು ನಿಮಿಷ ಕಳೆಯುವುದರೊಳಗೆ ಆತ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿ, ಕೊನೆಗೆ ಕುರ್ಚಿಯ ಅಂಚಿಗೆ ಜಾರಿ ಕುಳಿತನೆಂದರೆ ತಪ್ಪು ಅತಿಥಿಯದಲ್ಲ. ಬೀರು, ಕಪಾಟು, ಮೇಜುಗಳು ಹೊರುವುದು ಸಾಮಾನನ್ನು. ಸಾಮಾನು ಎಂದೂ ದೂರು ಹೇಳುವುದಿಲ್ಲ. ಕುರ್ಚಿಯಾದರೋ ಮನುಷ್ಯನನ್ನು ಹೊರಬೇಕು. ಅವನಿಗೆ ಬೆನ್ನುಂಟು, ಮಂಡಿಯುಂಟು, ಮೊಣಕೈಯುಂಟು. ಎಲ್ಲಕ್ಕೂ ಮಿಗಿಲಾಗಿ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರಲಾರದ ಸ್ವಭಾವವುಂಟು. ಆದುದರಿಂದಲೇ ಮಹಾಸೌಧಗಳನ್ನು ಕಟ್ಟಿ ಕೀರ್ತಿ ಗಳಿಸಿದ ವಾಸ್ತುಶಿಲ್ಪಿಗಳೂ ಒಂದು ಕುರ್ಚಿಯ ಮುಂದೆ ಸೋತದ್ದುಂಟು.

ಅಮೆರಿಕದ ಫ್ರ್ಯಾಂಕ್ ಲಾಯ್ಡ್ ರೈಟ್ (೧೮೬೭–೧೯೫೯) ಇದಕ್ಕೆ ಒಳ್ಳೆಯ ನಿದರ್ಶನ. ಮನೆಯೆಂದರೆ ಗೋಡೆ ಮತ್ತು ಮಾಡು ಮಾತ್ರವಲ್ಲ, ಒಳಗಿನ ದೀಪ, ಜಮಖಾನ, ಮೇಜು, ಕುರ್ಚಿಗಳೆಲ್ಲವೂ ಒಂದೇ ಬೀಜದಿಂದ ಮೊಳೆಯಬೇಕೆಂಬುದು ಈತನ ಸಿದ್ಧಾಂತ. ಸಾಧ್ಯವಾದೆಡೆಯಲ್ಲೆಲ್ಲ ಬೆಂಚುಗಳನ್ನೂ ಪುಸ್ತಕದ ಕಪಾಟುಗಳನ್ನೂ ಗೋಡೆಗೇ ಸೇರಿಸಿ ಕಟ್ಟಿಸಿಬಿಡುತ್ತಿದ್ದ. ಮನೆಯವರು ಅಜ್ಜನ ಕಾಲದ ಸಾಮಾನನ್ನು ತಂದು ತುರುಕಲು ಎಡೆಯೇ ಇರಬಾರದಲ್ಲ! ಷಿಕಾಗೋ ನಗರದ ರೋಬಿ ಮನೆಯಲ್ಲಿ ಊಟದ ಮೇಜಿನ ಸುತ್ತ ಈತ ಇರಿಸಿದ ಕುರ್ಚಿಗಳ ಬೆನ್ನು ಕುಳಿತವರ ತಲೆಯನ್ನೂ ಮೀರಿ ಮೇಲೆದ್ದಿತ್ತು. ಕೋಣೆಯ ನಡುವೆ ಇನ್ನೊಂದು ಕೋಣೆ ನಿಂತಂತೆ ಆ ನೋಟ. ನೋಡಲು ಅದ್ಭುತವೇ ಸರಿ. ಕೂರಲು ಹೇಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ತನ್ನದೇ ಆರಂಭದ ಪೀಠೋಪಕರಣಗಳ ಸಹವಾಸದಿಂದ ಮೈಯೆಲ್ಲ ಕಂದುಗಟ್ಟಿದುದನ್ನು ರೈಟ್ ತಾನೇ ಒಪ್ಪಿಕೊಂಡಿದ್ದಾನೆ. ೧೯೩೯ರಲ್ಲಿ ಮುಗಿದ ಜಾನ್ಸನ್ ವ್ಯಾಕ್ಸ್ ಕಂಪೆನಿಯ ಕಚೇರಿಗೆ ಈತ ಮೂರು ಕಾಲಿನ ಕುರ್ಚಿಯನ್ನು ರೂಪಿಸಿದ. ಎರಡೂ ಪಾದಗಳನ್ನು ನೆಲಕ್ಕೂರಿ ನೆಟ್ಟಗೆ ಕುಳಿತರೆ ಕ್ಷೇಮ. ಮೈಮರೆತು ಓರೆಯಾಗಿ ವಾಲಿದರೆ ಕುರ್ಚಿ ಮಗುಚುವುದು. ಬೆರಳಚ್ಚಿನ ಹುಡುಗಿಗೆ ಶಿಸ್ತು ಕಲಿಸುವುದು ಕುರ್ಚಿಯ ಕೆಲಸವೇ? ಮುಂದೆ ಅದಕ್ಕೆ ನಾಲ್ಕನೆಯ ಕಾಲು ಬಂತು.

ರೈಟ್ ಹುಟ್ಟುವುದಕ್ಕೂ ಮೊದಲೇ, ಸಿದ್ಧಾಂತದ ಗೊಡವೆಗೆ ಹೋಗದೆ ಕುರ್ಚಿ ಮಾಡಿದ ಬಡಗಿಯೊಬ್ಬನಿದ್ದ. ರೈನ್ ನದಿಯ ದಡದ ಬೊಪ್ಪಾರ್ಡ್ ಎಂಬ ಊರಿನಲ್ಲಿ ೧೭೯೬ರಲ್ಲಿ ಹುಟ್ಟಿ, ವಿಯೆನ್ನಾಕ್ಕೆ ಹೋಗಿ ನೆಲೆಸಿದ ಮಿಖಾಯೆಲ್ ಥೋನೆಟ್‌ಗೆ ಒಂದೇ ಹಂಬಲ: ಮರವನ್ನು ಕೊರೆಯದೆ, ಕತ್ತರಿಸಿ ಜೋಡಿಸದೆ, ಬಗ್ಗಿಸಬೇಕು. ಬೀಚ್ ಮರದ ದುಂಡು ಸಲಾಕೆಗಳನ್ನು ಹಬೆಯಲ್ಲಿ ಮೆದುವಾಗಿಸಿ, ಕಬ್ಬಿಣದ ಅಚ್ಚಿಗೆ ಬಗ್ಗಿಸಿ ಒಣಗಿಸುವುದು ಆತನ ವಿಧಾನ. ಬಗ್ಗಿಸುವಾಗ ಹೊರಮೈ ಹಿಗ್ಗಿ ಸೀಳು ಬಿಡುತ್ತಿತ್ತು. ಆ ಮೈಗೆ ಲೋಹದ ಪಟ್ಟಿಯನ್ನು ಬಿಗಿದು, ಮರ ಹಿಗ್ಗದೆ ಒಳಮೈಯಲ್ಲೇ ಕುಗ್ಗುವಂತೆ ಮಾಡಿದ. ಇಷ್ಟೇ ಗುಟ್ಟು. ೧೮೫೯ರಲ್ಲಿ ಹೊರಬಿದ್ದ ಆತನ ೧೪ನೆಯ ನಮೂನೆಯ ಕುರ್ಚಿಗೆ ಬೇಕಾದುದು ಆರು ಮರದ ತುಂಡುಗಳು, ಹತ್ತು ತಿರುಪುಮೊಳೆಗಳು, ಎರಡು ನಟ್ಟುಗಳು. ಬಿಚ್ಚಿಟ್ಟರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿಗಳು ಹಿಡಿಯುತ್ತಿದ್ದುವು; ತಲುಪಿದ ಊರಿನಲ್ಲಿ ಯಾರು ಬೇಕಾದರೂ ಜೋಡಿಸಿಕೊಳ್ಳಬಹುದು. ೧೯೩೦ರ ವೇಳೆಗೆ ಇಂಥವು ಐದು ಕೋಟಿ ಮಾರಾಟವಾಗಿದ್ದುವು. ಯೂರೋಪಿನ ಕಾಫಿ ಹೋಟೆಲುಗಳ ಗಿರಾಕಿಗೆ ಹಗುರವಾದ, ಬೆಲೆ ಕಡಿಮೆಯಾದ, ಎಳೆದು ಕುಳಿತು ಹರಟೆ ಹೊಡೆದು ಎದ್ದು ಹೋಗುವಂಥ ಕುರ್ಚಿ ಬೇಕಿತ್ತು. ಥೋನೆಟ್ ಅದನ್ನು ಕೊಟ್ಟ.

ಹೋಟೆಲಿನ ಗಿರಾಕಿ ಎದ್ದು ಹೋಗುತ್ತಾನೆ. ತಿಂಗಳುಗಟ್ಟಲೆ ಏಳಲಾರದವನ ಪಾಡೇನು? ಈ ಪ್ರಶ್ನೆ ಫಿನ್‌ಲೆಂಡಿನ ಆಲ್ವಾರ್ ಆಲ್ಟೊ (೧೮೯೮–೧೯೭೬) ಮತ್ತು ಆತನ ಪತ್ನಿ ಐನೊ ಆಲ್ಟೊ ಇವರೆದುರು ಬಂದದ್ದು ೧೯೨೯ರಲ್ಲಿ, ಪೈಮಿಯೊ ಎಂಬಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವನ್ನು ಕಟ್ಟುವ ಹೊಣೆ ಹೊತ್ತಾಗ. ಕ್ಷಯಕ್ಕೆ ಆಗ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಪತ್ತೆಯಾದುದು ೧೯೪೩ರಲ್ಲಿ. ಶುದ್ಧ ಗಾಳಿ, ಬಿಸಿಲು, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ಎಂದರೆ ರೋಗಿಯನ್ನು ಗುಣಪಡಿಸುವ ಭಾರ ಬಹುಮಟ್ಟಿಗೆ ಕಟ್ಟಡದ ಮೇಲೆ, ಮಂಚದ ಮೇಲೆ, ಕುರ್ಚಿಯ ಮೇಲೆ ಬಿದ್ದಿತ್ತು.

ಆ ದಿನಗಳಲ್ಲಿ ತಾನೂ ಕಾಯಿಲೆ ಬಿದ್ದು ಮಲಗಿದ್ದಾಗ ಒಂದು ಸಂಗತಿ ಹೊಳೆಯಿತೆಂದು ಆಲ್ಟೊ ಮುಂದೆ ಹೇಳಿಕೊಂಡಿದ್ದಾನೆ. ಕೋಣೆಗಳನ್ನೆಲ್ಲ ನಿಂತವರಿಗಾಗಿ ಕಟ್ಟಿದ್ದಾರೆ, ಮಲಗಿದವರಿಗಾಗಿ ಅಲ್ಲ. ಮಲಗಿದವನಿಗೆ ಕಾಣುವುದು ಗೋಡೆಯಲ್ಲ, ಒಳಮಾಳಿಗೆ. ಅಲ್ಲಿ ತೂಗುಹಾಕಿದ ದೀಪ ನೇರವಾಗಿ ಕಣ್ಣಿಗೇ ಚುಚ್ಚುವುದು. ಪೈಮಿಯೊದ ಕೋಣೆಗಳಲ್ಲಿ ಆಲ್ಟೊ ದಂಪತಿಗಳು ಒಳಮಾಳಿಗೆಗೆ ಕಣ್ಣಿಗೆ ತಂಪಾದ ಕಡುಹಸಿರು ಬಳಿಸಿದರು. ದೀಪವನ್ನು ರೋಗಿಯ ದೃಷ್ಟಿಗೆ ಬೀಳದ ಕಡೆಗೆ ಸರಿಸಿದರು. ಕೋಣೆ ಬೆಚ್ಚಗಿರಿಸುವ ಶಾಖ ತಲೆಗೆ ತಾಗದೆ ಕಾಲಿನ ಕಡೆಗೆ ಬೀಳುವಂತೆ ಮಾಡಿದರು. ಒಂದು ಕೋಣೆಗೆ ಇಬ್ಬರು ರೋಗಿಗಳು, ಒಬ್ಬೊಬ್ಬರಿಗೂ ಬೇರೆ ಬೇರೆ ಕೈತೊಳೆಯುವ ಬೋಗುಣಿ. ಒಬ್ಬ ನಡುರಾತ್ರಿಯಲ್ಲಿ ಎದ್ದು ಕೈ ತೊಳೆದರೆ ಇನ್ನೊಬ್ಬನ ನಿದ್ದೆ ಕೆಡಬಾರದೆಂದು, ನೀರು ಬೋಗುಣಿಯ ಇಳಿಜಾರಿಗೆ ಓರೆಯಾಗಿ ತಾಗಿ ಸದ್ದಿಲ್ಲದೆ ಜಾರುವಂತೆ ಅದರ ಆಕಾರವನ್ನು ತಿದ್ದಿದರು. ವೈದ್ಯರ ಅಂಗಿಯ ತೋಳು ಸಿಕ್ಕಿಕೊಳ್ಳದಂತೆ ಬಾಗಿಲ ಹಿಡಿಗಳೂ ಬೇರೆ ರೂಪ ತಾಳಿದುವು. ಇಷ್ಟು ಸಣ್ಣ ವಿಷಯಗಳಿಗೆ ಇಷ್ಟು ತಲೆ ಕೆಡಿಸಿಕೊಂಡ ಕಟ್ಟಡ ಆ ಕಾಲದಲ್ಲಿ ಅಪೂರ್ವ.

ಕುರ್ಚಿಯ ಸಂಗತಿಯೂ ಹಾಗೆಯೇ. ಜರ್ಮನಿಯಲ್ಲಿ ಮಾರ್ಸೆಲ್ ಬ್ರಾಯರ್ ೧೯೨೫ರಲ್ಲಿ ಬಗ್ಗಿಸಿದ ಉಕ್ಕಿನ ಕೊಳವೆಯಿಂದ ಕುರ್ಚಿ ಮಾಡಿ ತೋರಿಸಿದ ಮೇಲೆ ಹೊಸ ಕಾಲದ ಕಟ್ಟಡಗಳಿಗೆಲ್ಲ ಉಕ್ಕಿನ ಕುರ್ಚಿಯೇ ಒಪ್ಪಿಗೆಯಾಗಿತ್ತು. ಆಲ್ಟೊಗೆ ಅದು ಹಿಡಿಸಲಿಲ್ಲ. ಉಕ್ಕು ಮೈಯ ಶಾಖವನ್ನು ಹೀರಿಕೊಳ್ಳುವುದು, ಬೆಳಕಿಗೆ ಹೊಳೆದು ಕಣ್ಣು ಕೋರೈಸುವುದು, ತಾಗಿದರೆ ಸದ್ದು ಮಾಡುವುದು. ಫಿನ್‌ಲೆಂಡಿನ ಚಳಿಯಲ್ಲಿ ರೋಗಿಯ ಮೈಗೆ ಅದು ತಕ್ಕದ್ದಲ್ಲವೆಂದು ಆತನ ತೀರ್ಮಾನ. ಆ ನಾಡಿನಲ್ಲಿ ಬರ್ಚ್ ಮರಕ್ಕೆ ಬರವಿಲ್ಲ. ತುರ್ಕು ನಗರದ ಪೀಠೋಪಕರಣ ತಯಾರಕ ಓಟ್ಟೊ ಕೊರ್ಹೊನೆನ್‌ನ ಕಾರ್ಖಾನೆಯಲ್ಲಿ ಪ್ರಯೋಗದ ಮೇಲೆ ಪ್ರಯೋಗ ನಡೆದು, ತೆಳುವಾದ ಪದರಗಳನ್ನು ಅಂಟಿಸಿ ಬಗ್ಗಿಸಿದ ಬರ್ಚ್ ಪ್ಲೈವುಡ್ಡಿನ ಕುರ್ಚಿ ೧೯೩೨ರ ವೇಳೆಗೆ ಸಿದ್ಧವಾಯಿತು. ಕೂರುವ ಹಲಗೆ ಮತ್ತು ಬೆನ್ನು ಒಂದೇ ಹಾಳೆ, ಮೇಲೂ ಕೆಳಗೂ ಸುರುಳಿ ಸುತ್ತಿದಂಥದು. ಕಾಲು ಮತ್ತು ಕೈಗಳೆರಡೂ ಸೇರಿ ಎರಡು ಪಕ್ಕಗಳಲ್ಲಿ ಮುಚ್ಚಿದ ಬಳೆಗಳು. ಮೆತ್ತೆಯಿಲ್ಲ, ಆದುದರಿಂದ ಧೂಳು ಸೇರುವ ಭಯವೂ ಇಲ್ಲ. ಬೆನ್ನನ್ನು ಎಷ್ಟು ಓರೆಯಾಗಿಸಿದರೆ ಕ್ಷಯರೋಗಿಯ ಎದೆ ಬಿಚ್ಚಿ ಉಸಿರಾಟ ಸುಲಭವಾಗುವುದೋ ಅಷ್ಟೇ ಓರೆ. ತಲೆಯೊರಗುವ ಕಡೆ ಗಾಳಿಯಾಡಲು ಕಿಂಡಿಗಳು. ಇಂದು ಪ್ರಪಂಚದ ವಸ್ತುಸಂಗ್ರಹಾಲಯಗಳಲ್ಲಿ ಆ ಕುರ್ಚಿಯ ಬಳುಕನ್ನು ಕಂಡು ಬೆರಗಾಗುವವರು ಉಂಟು. ಅದರ ಮುಂದೆ ನಿಂತು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರೆ ಆ ಬಳುಕಿನ ಅರ್ಥ ಬೇಗ ತಿಳಿದೀತು.

ಪ್ಲೈವುಡ್ಡಿನ ಈ ವಿದ್ಯೆಯನ್ನು ಅಮೆರಿಕದಲ್ಲಿ ಮುಂದುವರಿಸಿದವರು ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು. ಯುದ್ಧಕಾಲದಲ್ಲಿ ಅಲ್ಲಿನ ನೌಕಾಪಡೆಗೆ ಕಾಲುಮುರಿದವರಿಗೆ ಕಟ್ಟುವ ಪ್ಲೈವುಡ್ಡಿನ ದಬ್ಬೆಗಳನ್ನು ಮಾಡಿಕೊಟ್ಟು ಪಳಗಿದ ಕೈ, ಯುದ್ಧ ಮುಗಿಯುತ್ತಲೇ ಕುರ್ಚಿಗೆ ಬಂತು. ಭಾರತ ಸರಕಾರದ ಆಹ್ವಾನದ ಮೇಲೆ ಇಲ್ಲಿಗೆ ಬಂದು ಊರೂರು ಸುತ್ತಿದ ಈ ದಂಪತಿಗಳು ೧೯೫೮ರಲ್ಲಿ ಒಂದು ವರದಿ ಬರೆದರು. ಕುರ್ಚಿಗೆ ಹೆಸರಾದ ಇವರು ಆ ವರದಿಯಲ್ಲಿ ಮನಸಾರೆ ಕೊಂಡಾಡಿದ್ದು ಕುರ್ಚಿಯನ್ನಲ್ಲ, ಮನೆಮನೆಯ ತಂಬಿಗೆಯನ್ನು. ತುಂಬಿದಾಗ ಅದರ ತೂಕ ಎಲ್ಲಿ ನಿಲ್ಲುವುದು, ಸೊಂಟಕ್ಕೆ ಹೇಗೆ ಒಪ್ಪುವುದು, ಬಾಗಿಸಿದಾಗ ನೀರು ಹೇಗೆ ಬೀಳುವುದು, ತೊಳೆಯಲು ಕೈ ಒಳಗೆ ಹೋಗುವುದೋ ಇಲ್ಲವೋ! ಯಾವನೋ ಒಬ್ಬ ಕಲಾವಿದ ರೂಪಿಸಿದ ವಸ್ತುವಲ್ಲ ಅದು, ತಲೆತಲಾಂತರದ ಬಳಕೆ ತಿದ್ದಿದ್ದು. ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಲು ಆ ವರದಿಯೇ ತಳಹದಿ.

ಈಮ್ಸ್ ದಂಪತಿಗಳು ಬಂದ ಆ ದಿನಗಳಲ್ಲಿ ಉತ್ತರದ ಚಂಡೀಗಢದಲ್ಲಿ ಇನ್ನೊಂದು ಬಗೆಯ ಕುರ್ಚಿ ಸಾವಿರಗಟ್ಟಲೆ ಸಿದ್ಧವಾಗುತ್ತಿತ್ತು. ದೇಶ ವಿಭಾಗವಾಗಿ ಲಾಹೋರ್ ಪಾಕಿಸ್ತಾನಕ್ಕೆ ಸೇರಿದ್ದರಿಂದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಗಿತ್ತು. ಅದರ ನಕ್ಷೆಯ ಕೀರ್ತಿ ಲ ಕಾರ್ಬೂಸಿಯೆಗೆ ಸಂದಿದೆ. ಆದರೆ ಆತ ಬಂದು ಹೋಗಿ ಮಾಡುತ್ತಿದ್ದವನು. ೧೯೫೧ರಿಂದ ೧೯೬೫ರವರೆಗೆ ಅಲ್ಲಿಯೇ ಬಿಡಾರ ಹೂಡಿ ದುಡಿದವನು ಆತನ ದಾಯಾದಿ ಪಿಯರ್ ಜಾನರೆ. ಸಚಿವಾಲಯ, ಹೈಕೋರ್ಟು, ವಿಶ್ವವಿದ್ಯಾಲಯ, ಪುಸ್ತಕಭಂಡಾರ, ನೌಕರರ ವಸತಿಗಳು, ಇವೆಲ್ಲವೂ ಏಕಕಾಲದಲ್ಲಿ ಏಳುತ್ತಿದ್ದುವು. ಎಲ್ಲಕ್ಕೂ ಕುರ್ಚಿ ಮೇಜುಗಳು ಬೇಕು. ದೊಡ್ಡ ಯಂತ್ರಗಳಿಲ್ಲ, ಖಜಾನೆಯಲ್ಲಿ ಹಣವಿಲ್ಲ. ಇದ್ದುದು ತೇಗದ ಮರ, ಬೆತ್ತ ಮತ್ತು ಕೈಕಸುಬು ಬಲ್ಲ ಬಡಗಿಗಳು. ಯೂಲಿ ಚೌಧುರಿಯೇ ಮೊದಲಾದ ಭಾರತೀಯ ಸಹೋದ್ಯೋಗಿಗಳೊಡನೆ ಕೂಡಿ ಜಾನರೆ ಇವಿಷ್ಟರಲ್ಲೇ ಸಾಗುವಂಥ ಕುರ್ಚಿಯನ್ನು ರೂಪಿಸಿದ. ಬಿಚ್ಚಿದ ಕೈವಾರದಂತೆ ಎರಡೂ ಪಕ್ಕಗಳಲ್ಲಿ ಓರೆಯಾಗಿ ಊರಿದ ದಪ್ಪ ಕಾಲುಗಳು, ಮೊಣಕೈಗೆ ಅಗಲವಾದ ಪಟ್ಟಿ, ಬೆನ್ನಿಗೂ ಕೂರುವಲ್ಲಿಗೂ ಬೆತ್ತದ ಹೆಣಿಗೆ. ಬೇಸಗೆಯ ಬೇಗೆಯಲ್ಲಿ ಬೆನ್ನಿಗೆ ಗಾಳಿಯಾಡುವುದು. ತೇಗಕ್ಕೆ ಗೆದ್ದಲಿನ ಕಾಟ ಕಡಿಮೆ. ಬೆತ್ತ ಹರಿದರೆ ಬೀದಿಯ ಹೆಣಿಗೆಯವನೇ ಸರಿಪಡಿಸಬಲ್ಲ. ಬೇರೆ ಬೇರೆ ಬಡಗಿಗಳ ಕೈಯಲ್ಲಿ ಅಳತೆ ಚೂರುಪಾರು ವ್ಯತ್ಯಾಸವಾದರೆ ಕುರ್ಚಿಗೆ ಕುಂದಿಲ್ಲ. ದಿನವಿಡೀ ಕಡತಗಳೊಡನೆ ಹೆಣಗುವ ಗುಮಾಸ್ತನನ್ನು ಇಷ್ಟು ಗೌರವದಿಂದ ಕೂರಿಸಿದ ಸರಕಾರಿ ಕುರ್ಚಿ ಬೇರೆ ಎಲ್ಲಾದರೂ ಉಂಟೇ ಎಂಬುದು ಸಂದೇಹ.

ಆರೋಗ್ಯ ಕೆಟ್ಟು ಜಾನರೆ ಹಿಂದಿರುಗಿದ; ೧೯೬೭ರಲ್ಲಿ ತೀರಿಕೊಂಡ. ಆತನ ಇಚ್ಛೆಯಂತೆ ಚಿತಾಭಸ್ಮವನ್ನು ಚಂಡೀಗಢದ ಸುಖನಾ ಸರೋವರದಲ್ಲಿ ವಿಸರ್ಜಿಸಲಾಯಿತು. ಕುರ್ಚಿಗಳು ಮಾತ್ರ ದುಡಿಯುತ್ತಲೇ ಇದ್ದುವು. ವರ್ಷಗಳು ಉರುಳಿದಂತೆ ಬೆತ್ತ ಹರಿಯಿತು, ಕಾಲು ಸಡಿಲಿತು. ಹೊಸ ಅಧಿಕಾರಿಗಳಿಗೆ ಉಕ್ಕಿನ, ಪ್ಲಾಸ್ಟಿಕ್ಕಿನ ಕುರ್ಚಿಗಳ ಮೇಲೆ ಮನಸ್ಸಾಯಿತು. ಹಳೆಯವು ತಾರಸಿಯ ಮೇಲೆ, ಹಿತ್ತಿಲಿನಲ್ಲಿ ರಾಶಿ ಬಿದ್ದು ಮಳೆಗೆ ನೆನೆದುವು. ಗುಜರಿಯ ಲೆಕ್ಕದಲ್ಲಿ ಹರಾಜಾದುವು. ೧೯೯೦ರ ದಶಕದ ಕೊನೆಯಿಂದ ಯೂರೋಪಿನ ವರ್ತಕರು ಬಂದು ಅವನ್ನು ಕೊಂಡು, ತೊಳೆದು, ಹೊಸ ಬೆತ್ತ ಹೆಣೆಸಿ, ಪ್ಯಾರಿಸ್ ಮತ್ತು ಲಂಡನ್ನಿನ ಹರಾಜುಕಟ್ಟೆಗಳಲ್ಲಿ ನಿಲ್ಲಿಸಿದರು. ಗುಮಾಸ್ತನ ಕುರ್ಚಿ ಕೋಟ್ಯಾಧೀಶರ ದಿವಾನಖಾನೆಗೆ ಹೋಯಿತು. ಚಂಡೀಗಢಕ್ಕೆ ಎಚ್ಚರವಾದುದು ತಡವಾಗಿ. ಈ ಪಾರಂಪರಿಕ ಸಾಮಾನುಗಳನ್ನು ಮಾರಕೂಡದು, ಹೊರದೇಶಕ್ಕೆ ಸಾಗಿಸಕೂಡದು ಎಂಬ ಆಜ್ಞೆಯನ್ನು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ್ದು ೨೦೧೧ರಲ್ಲಿ. ಅಷ್ಟರಲ್ಲಿ ಹೋಗುವುದು ಬಹಳಷ್ಟು ಹೋಗಿತ್ತು.

ಆ ಕುರ್ಚಿಗಳ ಬೆನ್ನಿನ ಮೇಲೆ ಸರಕಾರಿ ಇಲಾಖೆಗಳು ಬಿಳಿಯ ಬಣ್ಣದಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಸಂಖ್ಯೆಯನ್ನೂ ಬರೆಸುತ್ತಿದ್ದುವು, ಒಂದು ಕಚೇರಿಯ ಕುರ್ಚಿ ಇನ್ನೊಂದಕ್ಕೆ ಹೋಗದಿರಲೆಂದು. ಮರವನ್ನು ಉಜ್ಜಿ ಹೊಳಪು ಕೊಡುವ ವಿದೇಶದ ವರ್ತಕರು ಆ ವಕ್ರವಾದ ಬಿಳಿಯಕ್ಷರಗಳು ಮಾಸದಂತೆ ಬಹಳ ಜೋಪಾನ ಮಾಡುತ್ತಾರೆ. ಕುರ್ಚಿ ನಕಲಿಯಲ್ಲವೆಂದು ಕೊಳ್ಳುವವರಿಗೆ ತೋರಿಸುವ ಗುರುತು ಅದೇ. ಚಂಡೀಗಢದಲ್ಲಿ ಉಳಿದ ಅದೇ ಜಾತಿಯ ಕುರ್ಚಿಗಳು ಈಗಲೂ ಅಲ್ಲಿನ ಕಚೇರಿಗಳಲ್ಲಿ ಕೆಲಸದಲ್ಲಿವೆ. ಅವುಗಳ ಮೇಲೂ ಅಂಥದೇ ಸಂಖ್ಯೆಗಳುಂಟು.